ಕಾಪುವಿನ ಫ್ರೆಂಚ್ ಕುರ್ಚಿ

ನಮ್ಮ ಕಡೆ ಹಳೆಯ ಕುರ್ಚಿ ಬೇಕೆಂದು ಕೇಳಿ ನೋಡಿ, ತಲೆ ಚಿಟ್ಟು ಹಿಡಿಸುತ್ತಾರೆ. ಕಾರ್ಕಳದ ಗುಜರಿ ಅಂಗಡಿಯವರಿಂದ ಹಿಡಿದು ಉಡುಪಿಯ ಬಡಗಿಯವರೆಗೆ ಎಲ್ಲರೂ ನನಗೆ ತೋರಿಸಿದ್ದು ಬೀಟೆ ಮರದಲ್ಲಿ ಬಳ್ಳಿ ಕೆತ್ತಿದ ಕುರ್ಚಿಗಳನ್ನೇ. ಹಳೆಯದು ಎಂದರೆ ಕೆತ್ತನೆ ಇರಲೇಬೇಕು. ನಾನು ಹುಡುಕುತ್ತಿದ್ದದ್ದು ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ತಯಾರಾದ, ತಗಡಿನ ಕಾಲಿನ, ಬಾಗಿಸಿದ ಪ್ಲೈವುಡ್ಡಿನ ಸಾದಾ ಕುರ್ಚಿ. ಮೊಬೈಲಿನಲ್ಲಿ ಚಿತ್ರ ತೋರಿಸಿದರೆ, "ಇದು ಶಾಲೆಯ ಕುರ್ಚಿ ಅಲ್ವಾ ಸರ್?" ಎನ್ನುತ್ತಿದ್ದರು. ಮಣಿಪಾಲದ ನಮ್ಮ ಮನೆಯಲ್ಲಿ ಆ ಕಾಲದ ಒಂದು ದೀಪ, ಒಂದು ಸ್ಟೂಲು ಇವೆ. ಕುರ್ಚಿಯೊಂದು ಸಿಗದೆ ವರ್ಷಗಟ್ಟಲೆ ಚಡಪಡಿಸಿದ್ದೇನೆ.

ಕೊನೆಗೆ ಅದು ಕಣ್ಣಿಗೆ ಬಿದ್ದದ್ದು ಕಾಪುವಿನಲ್ಲಿ, ನಾವು ಬಾಯಮ್ಮ ಎಂದು ಕರೆಯುವ ವಯಸ್ಸಾದ ಕ್ರೈಸ್ತ ಹೆಂಗಸೊಬ್ಬರ ಮನೆಯ ಹಿಂದಿನ ಜಗಲಿಯಲ್ಲಿ. ತೀರಿಹೋದ ಅವರ ಗಂಡ ಬೊಂಬಾಯಿಯ ಫ್ರೆಂಚ್ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಕಚೇರಿ ಮುಚ್ಚಿದಾಗ ತಾವು ಕೂರುತ್ತಿದ್ದ ಕುರ್ಚಿಯನ್ನೇ ಊರಿಗೆ ತಂದಿದ್ದರು. ಮೊದಲಿನ ಹಸಿರು ಬಣ್ಣ ಇನ್ನೂ ಇತ್ತು. ಅಡಿಯಲ್ಲಿ ತಯಾರಕರ ಲೇಬಲ್ಲೂ ಇತ್ತು. ಇಂಥ ಕುರ್ಚಿಗೆ ಬೆಲೆ ಬರುವುದೇ ಈ ಎರಡರಿಂದ.

ಕೇಳಿದ ಕೂಡಲೇ ಕೊಡಲು ಒಪ್ಪಿದರು. "ಆದರೆ ಇವತ್ತು ಬೇಡ ಸರ್. ಮನೆಯಿಂದ ಕೊಡುವ ವಸ್ತು ಇಷ್ಟು ಗಲೀಜಿದ್ದರೆ ನನಗೆ ಮರ್ಯಾದೆಯಾ? ಸ್ವಲ್ಪ ಚಂದ ಮಾಡಿ ಇಡ್ತೇನೆ. ಆದಿತ್ಯವಾರ ಊಟಕ್ಕೆ ಬನ್ನಿ."

ಧೂಳು ಒರೆಸುತ್ತಾರೆ ತಾನೇ ಎಂದುಕೊಂಡು, ಮೂರ್ಖ ನಾನು, ಬರಿಗೈಯಲ್ಲಿ ಹೊರಟುಬಂದೆ.

ಆದಿತ್ಯವಾರ ಕುರ್ಚಿ ಎದುರಿನ ಹಾಲಿಗೆ ಬಂದಿತ್ತು. ಗೇಟಿಗೆ ಹೊಡೆದು ಉಳಿದ ಬೆಳ್ಳಿ ಬಣ್ಣವನ್ನು ಕಾಲುಗಳಿಗೆ ಬಳಿಸಿದ್ದರು. ಪ್ಲೈವುಡ್ಡಿನ ಮೇಲೆ ಸ್ಪಂಜು, ಅದರ ಮೇಲೆ ಕೆಂಪು ರೆಕ್ಸಿನ್, ಸುತ್ತಲೂ ಹೊಳೆಯುವ ಮೊಳೆಗಳು. ಬಗ್ಗಿ ಅಡಿಯಲ್ಲಿ ನೋಡಿದೆ. ಲೇಬಲ್ಲನ್ನು ಕೆರೆದು ತೆಗೆದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಿರುಚಬೇಕೆನಿಸಿತು. ಆದರೆ ಮೇಜಿನ ಮೇಲೆ ನನಗಾಗಿ ಸನ್ನದ ಕಡುಬು, ಕೋಳಿ ಸಾರು ಮಾಡಿಟ್ಟು ಕಾದಿದ್ದ ಆ ಮುದುಕಿಯ ಮೇಲೆ ಹೇಗೆ ಕಿರುಚುವುದು?

"ಕೂತು ನೋಡಿ ಸರ್. ಮೆತ್ತಗೆ ಉಂಟು."

ಕೂತೆ. "ಚಂದ ಆಗಿದೆ ಬಾಯಮ್ಮ" ಎಂದೆ. ಆ ಮಾತು ಹೇಳುವಾಗ ನನ್ನ ಮೇಲೆಯೇ ಸಿಟ್ಟು ಬಂತು.

ಅವರ ಮುಖ ಅರಳಿತು. "ಅವರಿರುವಾಗ ನಾನು ಎಷ್ಟು ಜಗಳ ಮಾಡಿದ್ದೇನೆ ಗೊತ್ತುಂಟಾ? ಬಣ್ಣ ಹೊಡೆಸುವ ಅಂದರೆ ಕೇಳಲಿಲ್ಲ. ಬಂದ ಹಾಗೆಯೇ ಇರಬೇಕು ಅಂತ ಹಟ. ಅವರು ಹೋದ ಮೇಲೆ ನನಗೂ ಮುಟ್ಟಲಿಕ್ಕೆ ಮನಸ್ಸು ಬರಲಿಲ್ಲ. ಈಗ ನೀವು ಕೇಳಿದಿರಿ ಅಂತ ಮಾಡಿಸಿದ್ದು."

ನಾನು ಆ ಮನೆಯ ಮೆಟ್ಟಿಲು ಹತ್ತದೇ ಇದ್ದಿದ್ದರೆ ಕುರ್ಚಿ ಇವತ್ತಿಗೂ ಹಸಿರಾಗಿಯೇ ಇರುತ್ತಿತ್ತು.