ಕೆಳಗಿನ ಓಣಿ ಡಾಟ್ ಕಾಮ್

ಧಮ್ಮಶೀಲಾ ತನ್ನ ವೆಬ್‌ಸೈಟಿಗೆ ‘ಕೆಳಗಿನ ಓಣಿ’ ಎಂದು ಹೆಸರಿಡುತ್ತೇನೆ ಎಂದಾಗ ಮೊದಲು ಬೇಡವೆಂದವನು ನಾನೇ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಜಹೀರಾಬಾದಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನಾನು ಪ್ರಿಂಟಿಂಗ್ ಮಷಿನ್ ನೋಡಿಕೊಳ್ಳುತ್ತಿದ್ದೆ, ಅವಳು ಡಿಸೈನ್ ಮಾಡುತ್ತಿದ್ದಳು. ಮನೂರ್ ಕಡೆಯವಳು. 2011, ಪ್ರತ್ಯೇಕ ತೆಲಂಗಾಣ ಹೋರಾಟದ ಕಾಲ. ಹೆದ್ದಾರಿಯ ಮೇಲೆ ಬಂದ್ ಇರಲಿ, ಧರಣಿ ಇರಲಿ, ಬ್ಯಾನರ್ ಅವಳದೇ. ತೆಲುಗು, ಉರ್ದು, ಕನ್ನಡ ಮೂರರಲ್ಲೂ ಒಂದಕ್ಷರ ತಪ್ಪುತ್ತಿರಲಿಲ್ಲ. ಪುಢಾರಿಗಳ ಮುಖವನ್ನು ದೊಡ್ಡದು ಮಾಡಿ ಸಣ್ಣದು ಮಾಡಿ ಅವಳಿಗೆ ಸಾಕಾಗಿತ್ತು. ಕೆಳಗೆ ಮೂಲೆಯಲ್ಲಿ ಹೆಸರು ಮಾತ್ರ ಅಂಗಡಿಯದು. ಇನ್ನು ಸ್ವಂತ ಕೆಲಸ ಹಿಡಿಯುತ್ತೇನೆ, ಮಾಡಿದ್ದನ್ನು ತೋರಿಸಲು ಒಂದು ವೆಬ್‌ಸೈಟ್ ಬೇಕು ಎಂದು ಹಟ ಹಿಡಿದಳು.

ನಮ್ಮ ಕಡೆ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ. ಬಲು ಮರ್ಯಾದಸ್ಥರು! “ಯಾ ಓಣ್ಯಾಕಿ ಅವ್ವ?” ಎಂದು ಕೇಳುತ್ತಾರೆ. ಕೆಳಗಿನ ಓಣಿ ಎಂದರೆ ದಲಿತರ ಓಣಿ. ಉತ್ತರ ಸಿಕ್ಕ ಮೇಲೆ ಚಹಾದ ಲೋಟವೂ ಬದಲಾಗುತ್ತದೆ. ಅವಳು ನಾಲ್ಕು ವರ್ಷ “ಬಸ್‌ಸ್ಟ್ಯಾಂಡ್ ಬಾಜೂಕ” ಎಂದು ಹೇಳಿ ದಿನ ದೂಡಿದ್ದಳು.

“ಶೀಲಾ ಗ್ರಾಫಿಕ್ಸ್ ಅಂತ ಇಡು. ಯಾರಿಗೂ ಏನೂ ತಿಳ್ಯಂಗಿಲ್ಲ,” ಎಂದೆ.

“ತಿಳೀಲಿ ಅಂತೇ ಇಡಾಕತ್ತೀನಿ,” ಎಂದಳು.

ಸ್ವಂತ ಕೆಲಸಕ್ಕೆ ಅವಳಿಗೆ ದಾರಿ ಇದ್ದದ್ದು ಒಂದೇ. ಬಟ್ಟೆ ಅಂಗಡಿಯ ಅಮರನಾಥ ಸಾಹುಕಾರ ಹೋರಾಟ ಸಮಿತಿಯ ಮುಂದಾಳು, ನಮ್ಮ ದೊಡ್ಡ ಗಿರಾಕಿ. ಹೈದರಾಬಾದಿನ ಪ್ರಕಾಶಕರೊಬ್ಬರಿಗೆ ಹೇಳಿ ವರ್ಷವಿಡೀ ಪುಸ್ತಕದ ಮುಖಪುಟದ ಕೆಲಸ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದ. ಅದೊಂದು ಸಿಕ್ಕರೆ ಅವಳು ಅಂಗಡಿ ಬಿಟ್ಟು ಬದುಕಬಹುದಿತ್ತು.

ಆ ವರ್ಷದ ಜೂನ್‌ನಲ್ಲಿ ‘ವಂಟಾ ವಾರ್ಪು’ ನಡೆಯಿತು. ಹೆದ್ದಾರಿ ತಡೆದು, ಅಲ್ಲೇ ಒಲೆ ಹೂಡಿ, ಅಲ್ಲೇ ಕುಳಿತು ಉಣ್ಣುವ ಚಳವಳಿ. ಅಮರನಾಥ ಧಮ್ಮಶೀಲಾಳ ಅಪ್ಪ ಅಂಜಪ್ಪನ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತ. ಪತ್ರಿಕೆಯ ಫೋಟೋದವನನ್ನು ತಾನೇ ಕರೆದ. “ತೆಲಂಗಾಣ ಅಂದ್ರ ಇದೇ ನೋಡ್ರಿ, ಎಲ್ಲರೂ ಒಂದೇ ಸಾಲಿನ್ಯಾಗ!” ಎಂದು ಕೂಗಿದ. ಹಿಂದೆ ಧಮ್ಮಶೀಲಾಳ ಬ್ಯಾನರ್. ಅವಳು ಮಾಡಿದ್ದರಲ್ಲೆಲ್ಲ ಒಳ್ಳೆಯದು ಅದು. ಹಾಗಾಗಿ ವೆಬ್‌ಸೈಟಿನ ಮೊದಲ ಪುಟಕ್ಕೆ ಆ ಫೋಟೋವನ್ನೇ ಹಾಕಿದಳು. ಮೇಲೆ ದಪ್ಪ ಅಕ್ಷರದಲ್ಲಿ ‘ಕೆಳಗಿನ ಓಣಿ’.

ಮೂರನೆಯ ದಿನ ಅಮರನಾಥ ಉರಿಮುಖ ಮಾಡಿಕೊಂಡು ಬಂದ.

“ಹೆಸರರೆ ಬದಲ ಮಾಡು, ಇಲ್ಲಾ ನನ್ನ ಫೋಟೋ ತೆಗಿ. ಬೀಗರು ನೋಡ್ಯಾರ. ಯಾರ ಬಾಜೂಕ ಕುಂತು ಉಂಡೀರಿ ಅಂತ ಕೇಳಾಕತ್ತಾರ. ಮಂದ್ಯಾಗ ಇಜ್ಜತ್ ಹೋತು!” ಎಂದ. ಆಮೇಲೆ ದನಿ ತಗ್ಗಿಸಿ, “ಹೆಸರ ಬದಲ ಮಾಡಿದ್ರ ಈಗೇ ಹೈದರಾಬಾದಿಗಿ ಫೋನ್ ಹಚ್ತೀನವ್ವ,” ಎಂದು ಮೊಬೈಲ್ ತೆಗೆದ.

ನಾಚಿಕೆಗೆಟ್ಟವನು! ಉಂಡದ್ದು ಪತ್ರಿಕೆಗೆ, ಹೆದರಿದ್ದು ಬೀಗರಿಗೆ. ನಾನಾದರೂ ಏನು ಕಡಿದು ಕಟ್ಟೆಹಾಕಿದೆ? ಮಷಿನ್ ಒರೆಸುತ್ತ ನಿಂತಿದ್ದೆ.

“ಹೆಸರ ಇರ್ತದ್ರಿ. ನಿಮ್ಮನ್ನೇ ತೆಗಿತೀನಿ,” ಎಂದಳು ಧಮ್ಮಶೀಲಾ.

ಅವನ ಕಣ್ಣೆದುರೇ ಮೌಸ್ ಹಿಡಿದು ಅವನ ಭುಜ, ಮೀಸೆ, ಬಿಳಿ ಅಂಗಿ ಎಲ್ಲವನ್ನೂ ಗೆರೆ ಹಿಡಿದು ಕತ್ತರಿಸಿದಳು. ಆ ಜಾಗಕ್ಕೆ ಬರಿ ರಸ್ತೆ ತುಂಬಿದಳು. ಅವನ ಮುಂದಿದ್ದ ಅನ್ನದ ಎಲೆಯನ್ನು ಮಾತ್ರ ಮುಟ್ಟಲಿಲ್ಲ. ಅಮರನಾಥ ಮೊಬೈಲ್ ಕಿಸೆಗಿಟ್ಟು ಎದ್ದುಹೋದ. ಹೈದರಾಬಾದಿನ ಕೆಲಸ ಅಲ್ಲಿಗೇ ಮುಗಿಯಿತು. ದೊಡ್ಡ ಗಿರಾಕಿಯ ಮಾತು ಕೇಳಿ ಮಾಲೀಕ ಮರುದಿನದಿಂದ ಅವಳಿಗೆ ಬರಬೇಡ ಎಂದ.

ಸಾಮಾನು ಒಯ್ಯಲು ಅಪ್ಪನನ್ನು ಕರೆದುಕೊಂಡು ಬಂದಿದ್ದಳು. ಅಂಜಪ್ಪ ಪರದೆಯ ಹತ್ತಿರ ಬಗ್ಗಿ ಫೋಟೋ ನೋಡಿದ. ತಾನು ತುತ್ತು ಎತ್ತಿದ್ದಾನೆ, ಪಕ್ಕದಲ್ಲಿ ತುಂಬಿದ ಎಲೆ ಇದೆ, ಕುಳಿತವರು ಯಾರೂ ಇಲ್ಲ.

“ಇಲ್ಲಿ ಸಾಹುಕಾರ ಕುಂತಿದ್ನಲ್ಲ, ಎತ್ತ ಹೋದ?” ಎಂದು ಕೇಳಿದ.

“ತನ್ನ ಓಣಿಗಿ ಹೋಗ್ಯಾನಪ್ಪ,” ಎಂದಳು.