ಯಾರ ಮಗಳು ಎಂದು ಕೇಳದಿರುವ ಅಭ್ಯಾಸ

ನನಗೆ ಮಕ್ಕಳ ಜೊತೆ ಮಾತನಾಡಲು ಬರುವುದಿಲ್ಲ ಎಂಬುದು ಅರವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಇದೇನು ದೊಡ್ಡ ಸುದ್ದಿಯಲ್ಲ. ಆದರೆ ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದವನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ನೀರು ಕುಡಿದು, ನಾಲ್ಕೂ ತಾಲೂಕುಗಳ ಮಕ್ಕಳ ಕಿವಿ ಹಿಂಡಿ, ಕೊನೆಗೆ ಶಾಲು ಹೊದಿಸಿಕೊಂಡು ಸವಣೂರಿನ ಸ್ವಂತ ಮನೆಯಲ್ಲಿ ಕುಳಿತವನು. ಈಜು ಬಾರದ ಅಂಬಿಗನನ್ನು ಕಂಡು ನೀವು ನಗುವುದಾದರೆ ನನ್ನನ್ನು ನೋಡಿಯೂ ನಕ್ಕುಬಿಡಿ. ನನ್ನ ಹೆಂಡತಿ ಶಾರದಾ ಆಗಲೇ ನಕ್ಕು ಮುಗಿಸಿದ್ದಾಳೆ.

ಇದೆಲ್ಲ ಶುರುವಾದದ್ದು ಒಂದು ಉಪಚಾರದ ಮಾತಿನಿಂದ. ತಿಳವಳ್ಳಿಯ ಶಾಲೆಯಲ್ಲಿ ನನ್ನ ಜೊತೆಗಿದ್ದ ಹೆಡ್ ಮಾಸ್ತರರ ಮಗಳು ಕೀನ್ಯಾ ದೇಶದಲ್ಲಿ ನರ್ಸ್ ಆಗಿದ್ದಾಳೆ. ರಜೆಗೆ ಬಂದವಳು ನಮ್ಮ ಮನೆಗೂ ಬಂದು, ಅಲ್ಲಿ ತನ್ನ ಊರಿನಲ್ಲಿ ಒಂದು ಮಕ್ಕಳ ಮನೆ ಇದೆಯೆಂದೂ, ಹಿಂದೆ ಮುಂದೆ ಯಾರೂ ಇಲ್ಲದ ಇಪ್ಪತ್ತೊಂದು ಮಕ್ಕಳು ಅಲ್ಲಿವೆಯೆಂದೂ, ಮೂರು ತಿಂಗಳು ಜೊತೆಗಿದ್ದು ಕೈಜೋಡಿಸುವ ಹಿರಿಯರೊಬ್ಬರು ಬೇಕಾಗಿದ್ದಾರೆಂದೂ ಹೇಳಿದಳು. ನಾನು ಮಂಡಕ್ಕಿ ತಿನ್ನುತ್ತ, ‘ನಾನ ಬರ್ಲೇನು ಮತ್ತ?’ ಅಂದೆ. ನಮ್ಮ ಕಡೆ ಊಟ ಮಾಡುತ್ತಿರುವವನು ದಾರಿಯಲ್ಲಿ ಹೋಗುವವನನ್ನು ‘ಊಟಕ್ಕ ಬರ್ರಿ’ ಎಂದು ಕರೆಯುತ್ತಾನಲ್ಲ, ಅಷ್ಟೇ ತೂಕದ ಮಾತು ಅದು. ಕರೆದವನೂ ಎದ್ದು ಬರುವುದಿಲ್ಲ, ಹೋಗುವವನೂ ಒಳಗೆ ಬರುವುದಿಲ್ಲ. ಆದರೆ ಆ ಹುಡುಗಿ ಹತ್ತು ವರ್ಷ ಹೊರದೇಶದಲ್ಲಿದ್ದು ಕೆಟ್ಟಿದ್ದಳು. ವಾರದೊಳಗೆ ಅರ್ಜಿ ಬಂತು.

ಬೇಡವೆನ್ನಬಹುದಿತ್ತು. ಆದರೆ ಶಾರದಾ ‘ಹೋಗಿ ಬರ್ರಿ, ಮೂರ ತಿಂಗಳ ಮನಿ ತಣ್ಣಗಿರ್ತದ’ ಅಂದದ್ದೂ, ನಿವೃತ್ತಿಯಾದ ಮೇಲೆ ಯಾರಿಗೂ ಬೇಡದವನಾಗಿ ಪೇಪರಿನ ಜಾಹೀರಾತನ್ನೂ ಬಿಡದೆ ಓದುತ್ತಿದ್ದ ನನ್ನ ಅವಸ್ಥೆಯೂ ಸೇರಿ ನನ್ನನ್ನು ದೂಡಿದವು. ನಾಲ್ಕು ದಿನದಲ್ಲಿ ನನಗೆ ನಿಜವಾಗಿಯೂ ಹೋಗಬೇಕು ಅನಿಸತೊಡಗಿತು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು ನನ್ನ ಅಡ್ಡಹೆಸರು ಕೇಳಿ, ‘ಹತ್ತಿಮತ್ತೂರಿನವರ ಪೈಕಿ ಏನ್ರಿ?’ ಅಂದರು. ಹೌದೆಂದೆ. ಅವರ ಅತ್ತಿಗೆಯ ತವರುಮನೆ ಅದೇ ಓಣಿ. ಅಲ್ಲಿಗೆ ವಿಚಾರಣೆ ಮುಗಿದು ಚಹಾ ಶುರುವಾಯಿತು. ಮಕ್ಕಳ ಮನೆಯವರು ಕಳಿಸಿದ ಹತ್ತು ಪುಟದ ನಿಯಮಾವಳಿಗೆ ಮಾತ್ರ ನಾನು ನಮ್ಮ ಪದ್ಧತಿಯಂತೆ ಓದದೆ ಸಹಿ ಮಾಡಿದೆ. ಜೀವನದಲ್ಲಿ ಯಾವ ಕಾಗದವನ್ನಾದರೂ ಮುಂದಿಟ್ಟವರಿಗೆ ನಾನು ಕೇಳಿದ್ದು ‘ಎಲ್ಲಿ ಮಾಡಲಿ?’ ಎಂಬುದೊಂದೇ.

ಮೊದಲ ಸಂದರ್ಶನ ಮೊಬೈಲಿನ ಮೇಲೆ ನಡೆಯಿತು. ಆ ಮನೆಯನ್ನು ನಡೆಸುವವರು ಗ್ರೇಸ್ ಎಂಬ ಹೆಣ್ಣುಮಗಳು. ಶಿಕ್ಷಕಿಯರನ್ನು ಕರೆಯುವ ನಮ್ಮ ಶಾಲೆಗಳ ರೂಢಿಯಂತೆ ನಾನು ಮನಸ್ಸಿನಲ್ಲೇ ಅವರನ್ನು ಗ್ರೇಸಬಾಯಿ ಎಂದು ಕರೆದುಕೊಂಡೆ. ನನ್ನ ಇಂಗ್ಲಿಷು ಯಲವಿಗಿಯಲ್ಲಿ ನಿಲ್ಲುವ ಪ್ಯಾಸೆಂಜರ್ ಗಾಡಿಯ ಹಾಗೆ: ಎಲ್ಲ ಕಡೆ ನಿಲ್ಲುತ್ತದೆ, ಆದರೆ ಮುಟ್ಟುತ್ತದೆ. ಮಾತು ಚೆನ್ನಾಗಿಯೇ ಸಾಗಿತ್ತು. ಅಷ್ಟರಲ್ಲಿ ಅವರ ಕುರ್ಚಿಯ ಹಿಂದಿನಿಂದ ಹಳದಿ ಸ್ವೆಟರ್ ತೊಟ್ಟ ಆರೇಳು ವರ್ಷದ ಹುಡುಗಿಯೊಂದು ಇಣುಕಿತು. ಹೆಸರು ವಂಜಿರು ಎಂದು ಗ್ರೇಸಬಾಯಿ ಹೇಳಿದರು. ನಾನು ನಗುತ್ತ, ಮೂವತ್ತನಾಲ್ಕು ವರ್ಷದ ಪ್ರೀತಿಯನ್ನೆಲ್ಲ ದನಿಯಲ್ಲಿ ತುಂಬಿ, ಕೇಳಿದೆ: ‘ನಿನ್ನ ಅಪ್ಪನ ಹೆಸರೇನು?’

ನೀವು ನಮ್ಮ ಕಡೆಯವರಾದರೆ ನನ್ನನ್ನು ಅರ್ಥ ಮಾಡಿಕೊಳ್ಳುತ್ತೀರಿ. ನಮ್ಮಲ್ಲಿ ಹಿರಿಯರು ಮಗುವನ್ನು ಕಂಡರೆ ಆಡುವ ಮೊದಲ ಮಾತೇ ಇದು. ಯಾರ ಮಗನೋ ನೀನು, ಯಾರ ಪೈಕಿ, ಯಾವ ಓಣಿ. ಮಗುವಿನ ಹೆಸರು ಬೇಕಾದರೆ ಆಮೇಲೆ ಕೇಳುತ್ತೇವೆ, ಕೇಳದಿದ್ದರೂ ನಡೆಯುತ್ತದೆ. ಉತ್ತರ ಬಂದ ಕೂಡಲೆ ‘ಓಹೋ, ಮೆಣಸಿನಕಾಯಿಯವರ ಬಸಣ್ಣನ ಮೊಮ್ಮಗ’ ಎಂದು ತಲೆ ಸವರಿ, ಅಂಗಿಯ ಜೇಬಿನಲ್ಲಿ ಪೆಪ್ಪರಮಿಂಟು ಇದ್ದರೆ ಕೊಟ್ಟು ಮುಂದೆ ಹೋಗುತ್ತೇವೆ. ಇದು ನಮ್ಮಲ್ಲಿ ಪ್ರಶ್ನೆಯೇ ಅಲ್ಲ, ಒಂದು ಬಗೆಯ ನಮಸ್ಕಾರ. ಆದರೆ ಜಗತ್ತಿನಲ್ಲಿ ಈ ನಮಸ್ಕಾರವನ್ನು ಮಾಡಬಾರದ ಜಾಗ ಒಂದಿದ್ದರೆ ಅದು ಮಕ್ಕಳ ಮನೆ. ನಾನು ಅದನ್ನು ಅಲ್ಲಿಯೇ ಮಾಡಿದ್ದೆ.

ಹುಡುಗಿ ಸ್ವೆಟರಿನ ತುದಿಯನ್ನು ಬಾಯಲ್ಲಿಟ್ಟುಕೊಂಡು ಕುರ್ಚಿಯ ಹಿಂದೆ ಸರಿಯಿತು. ಗ್ರೇಸಬಾಯಿ ಅದನ್ನು ಹೊರಗೆ ಕಳಿಸಿ ಬಂದು, ನಿಯಮಗಳನ್ನು ಓದಿದ್ದೀರಾ ಎಂದು ಮೆಲ್ಲಗೆ ಕೇಳಿದರು. ಓದಿದ್ದೇನೆ ಅಂದೆ. ಅವರು ನಾಲ್ಕನೆಯ ಪುಟ ತೆಗೆಯಲು ಹೇಳಿದರು. ತಂದೆತಾಯಿ, ಮನೆತನ, ಹಿಂದಿನ ಬದುಕು, ಯಾವುದನ್ನೂ ಮಕ್ಕಳಿಗೆ ಕೇಳಕೂಡದು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಂದು ತಿಂಗಳು ಬಿಟ್ಟು ಮತ್ತೆ ಮಾತಾಡೋಣ, ಆಗಲೂ ಹೀಗೇ ಆದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ ಎಂದರು. ಮಾತು ನಯವಾಗಿತ್ತು. ಅರ್ಥ ಮಾತ್ರ ನಾನು ಸಾವಿರ ಮಕ್ಕಳಿಗೆ ಹೇಳಿದ್ದೇ ಆಗಿತ್ತು: ನಪಾಸು, ಮರುಪರೀಕ್ಷೆಗೆ ಕೂಡಬಹುದು.

ಹೀಗೆ ನನ್ನ ವಿದೇಶ ಪ್ರಯಾಣದ ಸಿದ್ಧತೆ ಎಂದರೆ ಒಂದು ಪ್ರಶ್ನೆಯನ್ನು ಮರೆಯುವುದು ಎಂದಾಯಿತು. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಳ್ಳುವುದು ಇದರ ಮುಂದೆ ಹೂವು ಎತ್ತಿದ ಹಾಗೆ. ಶಿಗ್ಗಾಂವಿಯ ಬಸ್ಸಿನಲ್ಲಿ ಅಜ್ಜಿಯೊಬ್ಬಳ ಪಕ್ಕ ಕುಳಿತ ಹುಡುಗಿಯನ್ನು ಕಂಡು ಅಭ್ಯಾಸ ಮಾಡೋಣವೆಂದು ಬಾಯಿ ತೆರೆದೆ. ಒಳಗಿನಿಂದ ಆ ಒಂದೇ ಪ್ರಶ್ನೆ ಓಡಿಬಂತು. ಅದನ್ನು ಹಲ್ಲು ಕಚ್ಚಿ ತಡೆದೆ. ಬೇರೆ ಏನೂ ಹೊಳೆಯದೆ, ‘ನಿನ್ನ ಚಪ್ಪಲ ಎಲ್ಲೆ ತಗೊಂಡ್ರಿ?’ ಅಂದೆ. ಅಜ್ಜಿ ಮೊಮ್ಮಗಳನ್ನು ಕಿಟಕಿಯ ಕಡೆ ಕೂರಿಸಿ, ಚಪ್ಪಲಿಯ ಮೇಲೆ ಸೆರಗು ಹಾಕಿದಳು. ಹಿರೇಕೆರೂರಿನ ಒಂದು ಮದುವೆಯಲ್ಲಿ ನಾಲ್ಕು ಹುಡುಗರ ಪಕ್ಕ ಊಟಕ್ಕೆ ಕುಳಿತು, ಎರಡು ಸಲ ಸಾರು ಬರುವವರೆಗೂ ಮೂಕನಾಗಿದ್ದೆ.

ಕೊನೆಗೆ ಮಾಸ್ತರ ಬುದ್ಧಿ ಕೆಲಸ ಮಾಡಿತು. ನೋಟುಬುಕ್ಕು ತಂದು ಇಪ್ಪತ್ತು ನಿರಪಾಯಕಾರಿ ಪ್ರಶ್ನೆಗಳನ್ನು ಬರೆದೆ. ನಿನಗೆ ಇಷ್ಟವಾದ ಬಣ್ಣ ಯಾವುದು, ಇಷ್ಟವಾದ ಹಣ್ಣು ಯಾವುದು, ದೊಡ್ಡವಳಾದ ಮೇಲೆ ಏನಾಗುವೆ. ಶಾರದಾ ಓದಿ ನೋಡಿ, ಇದರಲ್ಲಿ ಬಿಟ್ಟ ಸ್ಥಳ ತುಂಬುವುದೊಂದೇ ಬಾಕಿ ಅಂದಳು. ಹುಡುಗರ ಕೂಡ ಮಾತಾಡುವುದನ್ನು ಪಾಠ ಓದಿ ಕಲಿಯುವ ಮಾಸ್ತರನನ್ನು ತಾನು ಇದೇ ಮೊದಲು ನೋಡುತ್ತಿದ್ದೇನೆ ಎಂದೂ ಸೇರಿಸಿದಳು.

ಆ ದಿನಗಳಲ್ಲಿ ಸಂಜೆ ನಡೆಯಲು ಹೋಗಿ ಊರಿನ ಮಠದ ಅಂಗಳದಲ್ಲಿರುವ ದೊಡ್ಡಹುಣಸೆ ಮರಗಳ ಕೆಳಗೆ ಕೂರುತ್ತಿದ್ದೆ. ಹತ್ತು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಆ ಮರಗಳ ಮೂಲ ಆಫ್ರಿಕಾ ಎಂದು ತಿಳಿದವರು ಹೇಳುತ್ತಾರೆ. ಯಾರು ತಂದರು, ಯಾವಾಗ ತಂದರು ಎಂಬುದಕ್ಕೆ ಕೇಳಿದಷ್ಟು ಕಥೆಗಳಿವೆ, ಒಂದಕ್ಕೂ ಸಾಕ್ಷಿಯಿಲ್ಲ. ನಮ್ಮೂರಿನವರು ಮರಕ್ಕೆ ಹುಣಸೆಯ ಅಡ್ಡಹೆಸರು ಕೊಟ್ಟು, ಸುತ್ತು ಹಾಕಿ, ಕೈಮುಗಿದು, ಯಾರ ಪೈಕಿ ಎಂದು ಕೇಳದೆ ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ಮರಕ್ಕೊಂದು, ಮನುಷ್ಯರಿಗೊಂದು ನ್ಯಾಯವೇ ಎಂದು ಯೋಚಿಸುತ್ತ ಕುಳಿತಾಗ ಒಂದು ಸಂಜೆ ನನಗೆ ನೀಲವ್ವನ ನೆನಪಾಯಿತು.

ನೀಲವ್ವ ತಿಳವಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿ. ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದ ಹುಡುಗಿ. ಜೂನ್ ತಿಂಗಳ ಮೊದಲ ದಿನ ಹೊಸ ಹಾಜರಿ ಪುಸ್ತಕ ತೆರೆದು, ಒಬ್ಬೊಬ್ಬರನ್ನೇ ಎಬ್ಬಿಸಿ, ನಿನ್ನ ಹೆಸರು, ತಂದೆಯ ಹೆಸರು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಪದ್ಧತಿ. ಎರಡನೆಯ ಇಯತ್ತೆಯಲ್ಲಿ ಆಕೆ ತಂದೆಯ ಹೆಸರಿನ ಜಾಗಕ್ಕೆ ಅಜ್ಜಿಯ ಹೆಸರು ಹೇಳಿದಳು. ತರಗತಿಯೆಲ್ಲ ನಕ್ಕಿತು. ಸುಮ್ಮನಿರಿಸಬೇಕಾದ ನಾನೂ ನಕ್ಕಿದ್ದೆ. ಇಷ್ಟು ವರ್ಷ ಈ ಸಂಗತಿ ನನಗೆ ತಮಾಷೆಯಾಗಿಯೇ ನೆನಪಿತ್ತು. ಆ ಸಂಜೆ ನೆನಪಾದಾಗ ಮಾತ್ರ ನಾಚಿಕೆಯಾಯಿತು.

ಮರುದಿನವೇ ಯಲವಿಗಿಗೆ ಹೋದೆ. ನೀಲವ್ವ ಅಲ್ಲಿಗೆ ಮದುವೆಯಾಗಿ ಹೋಗಿ, ಸ್ಟೇಷನ್ ಹತ್ತಿರ ಹೊಲಿಗೆಯ ಅಂಗಡಿ ಇಟ್ಟುಕೊಂಡಿರುವುದು ಗೊತ್ತಿತ್ತು. ನಲವತ್ತು ದಾಟಿದ ಹೆಂಗಸು, ನನ್ನನ್ನು ಕಂಡು ಎದ್ದು ನಿಂತು ಕುರ್ಚಿ ಒರೆಸಿ ಕೊಟ್ಟಳು. ನಾನು ಕೀನ್ಯಾದ ಕಥೆಯನ್ನೆಲ್ಲ ಹೇಳಿ, ತಿಳವಳ್ಳಿಯ ಆ ಮೊದಲ ದಿನದ ಮಾತು ತೆಗೆದು, ತಪ್ಪಾಯಿತು ಅಂದೆ. ಆಕೆ ಅಳಲಿಲ್ಲ, ಪರವಾಗಿಲ್ಲವೆಂದೂ ಹೇಳಲಿಲ್ಲ. ಕೈಯಲ್ಲಿದ್ದ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ, ‘ಮುಂದಿನ ವರ್ಷದಿಂದ ಮೊದಲನೇ ದಿನಾ ನಾ ಸಾಲಿಗೆ ಬರ್ತಿದ್ದಿಲ್ರಿ ಮಾಸ್ತರ’ ಅಂದಳು. ‘ನೀವು ಕೇಳೂದು ಮುಗಿದ ಮ್ಯಾಲ, ಎರಡನೇ ದಿನಾ ಬರ್ತಿದ್ದೆ. ತಡಾ ಮಾಡಿ ಬಂದಿ ಅಂತ ನೀವು ಬೈತಿದ್ರಿ. ಬೈಸ್ಕೊಳ್ಳೂದು ಅಡ್ಡಿಯಿಲ್ಲ ಅನಸ್ತಿತ್ತು.’

ಆಕೆಯ ಹೆಸರಿನ ಮುಂದೆ ಪ್ರತಿ ವರ್ಷ ಕೆಂಪು ಶಾಯಿಯಲ್ಲಿ ಗೈರು ಎಂದು ಬರೆದ ಕೈ ನನ್ನದೇ. ಚಹಾ ಬಂತು, ಕುಡಿದೆ. ಏಳುವಾಗ, ಹಾಗಾದರೆ ಅಂಥ ಮಕ್ಕಳಿಗೆ ನಾನು ಏನು ಕೇಳಲಿ ಎಂದು ಆಕೆಯನ್ನೇ ಕೇಳಿದೆ. ನನ್ನ ನೋಟುಬುಕ್ಕನ್ನೂ ತೋರಿಸಿದೆ. ನೀಲವ್ವ ಇಪ್ಪತ್ತೂ ಪ್ರಶ್ನೆಗಳನ್ನು ತಾಳ್ಮೆಯಿಂದ ಓದಿ ಮುಚ್ಚಿಟ್ಟಳು.

‘ಏನೂ ಕೇಳಬ್ಯಾಡ್ರಿ. ಸುಮ್ನ ಬಾಜೂಕ ಕುಂತ್ರ ಅವ ಹೇಳ್ತಾವ.’

ಸುಮ್ಮನೆ ಕೂರುವುದು ಮಾಸ್ತರನಿಗೆ ಎಷ್ಟು ಕಷ್ಟವೆಂದು ನಿಮಗೆ ಗೊತ್ತಿಲ್ಲ. ನಮ್ಮ ವೃತ್ತಿಯಲ್ಲಿ ನಿಶ್ಶಬ್ದವೆಂದರೆ ಯಾರೋ ಎಲ್ಲೋ ಕಿತಾಪತಿ ನಡೆಸಿದ್ದಾರೆ ಎಂದೇ ಅರ್ಥ. ಆದರೂ ಎರಡನೆಯ ಸಂದರ್ಶನದ ದಿನ ನೋಟುಬುಕ್ಕನ್ನು ಶಾರದಾಳ ಕೈಗೆ ಕೊಟ್ಟು ಮೊಬೈಲಿನ ಮುಂದೆ ಕುಳಿತೆ. ಗ್ರೇಸಬಾಯಿ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ವಂಜಿರು ತಾನೇ ಬರುತ್ತೇನೆ ಅಂದಿದ್ದಾಳೆ ಎಂದು ಹೇಳಿ, ಆ ಹಳದಿ ಸ್ವೆಟರಿನ ಹುಡುಗಿಯನ್ನು ಕೂರಿಸಿ, ಪಕ್ಕಕ್ಕೆ ಸರಿದರು. ನಾನು ಹುಡುಗಿಯನ್ನು ನೋಡಿದೆ, ಹುಡುಗಿ ನನ್ನನ್ನು ನೋಡಿತು. ಒಂದು ನಿಮಿಷವಾಯಿತು. ಎರಡಾಯಿತು. ಹೋಗುವ ಆಸೆಯನ್ನು ನಾನು ಅಲ್ಲಿಗೇ ಬಿಟ್ಟೆ. ಆದರೆ ಆ ಮಗುವನ್ನು ಇನ್ನೊಮ್ಮೆ ನೋಯಿಸುವುದಿಲ್ಲ ಎಂದು ಹಟ ಹಿಡಿದು ತುಟಿ ಬಿಗಿದು ಕುಳಿತೆ.

ಆಗ ಅವಳು ಬಾಯಿ ತೆರೆದು, ಕೆಳಗಿನ ಸಾಲಿನ ಒಂದು ಹಲ್ಲನ್ನು ನಾಲಗೆಯಿಂದ ಮುಂದಕ್ಕೂ ಹಿಂದಕ್ಕೂ ತಳ್ಳಿ ತೋರಿಸಿದಳು. ಹಲ್ಲು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಲಾಡುತ್ತಿತ್ತು. ನಾನು ಹತ್ತಿರ ಬಾಗಿ ನೋಡಿ, ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ, ಯಾಕೆಂದು ನನಗೂ ತಿಳಿಯದು, ಬಾಯಿಗೆ ಕೈ ಹಾಕಿ ನನ್ನ ಮೇಲ್ಸಾಲಿನ ಹಲ್ಲಿನ ಸೆಟ್ಟನ್ನು ಪೂರ್ತಿ ತೆಗೆದು ಅವಳ ಮುಂದೆ ಹಿಡಿದೆ.

ವಂಜಿರು ಕೂಗಿಕೊಂಡು ಹೊರಗೆ ಓಡಿದಳು. ಕೆಲಸ ಕೆಟ್ಟಿತು ಎಂದು ಸೆಟ್ಟನ್ನು ಅವಸರದಲ್ಲಿ ಬಾಯಿಗೆ ತುರುಕಿಕೊಂಡೆ. ಆದರೆ ಅವಳು ಓಡಿದ್ದು ಉಳಿದವರನ್ನು ಕರೆಯಲು. ಕ್ಷಣದಲ್ಲಿ ಅಂಗೈಯಗಲದ ಪರದೆಯಲ್ಲಿ ಇಪ್ಪತ್ತೊಂದು ಮುಖಗಳು ತುಂಬಿಕೊಂಡವು. ನಾನು ಏಳು ಸಲ ಹಲ್ಲು ತೆಗೆದು ಹಾಕಿದೆ. ಪ್ರಶ್ನೆಗಳನ್ನೆಲ್ಲ ಅವರೇ ಕೇಳಿದರು. ನೋಯುತ್ತದೆಯೇ, ಮಲಗುವಾಗ ಎಲ್ಲಿಡುತ್ತೀರಿ, ಕಿವಿಯನ್ನೂ ಹೀಗೆ ತೆಗೆಯಬಹುದೇ. ಬಿದ್ದ ಹಲ್ಲನ್ನು ನಿಮ್ಮೂರಲ್ಲಿ ಏನು ಮಾಡುತ್ತಾರೆ ಎಂದು ವಂಜಿರು ಕೇಳಿದಳು. ಸಗಣಿಯ ಉಂಡೆಯಲ್ಲಿಟ್ಟು ಮನೆಯ ಮಾಳಿಗೆಯ ಮೇಲೆ ಒಗೆಯುತ್ತೇವೆ, ಹಾಗೆ ಮಾಡಿದರೆ ಹೊಸದು ನೆಟ್ಟಗೆ ಬರುತ್ತದೆ ಅಂದೆ. ಅವಳು ಅದನ್ನು ಬಹಳ ಹೊತ್ತು ಯೋಚಿಸಿದಳು. ಗ್ರೇಸಬಾಯಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ನಗೆಯಿಂದ ಬಂದ ನೀರು ಎಂದೇ ನಾನು ತಿಳಿದಿದ್ದೇನೆ. ಟಿಕೆಟ್ ತೆಗೆಸಿ ಅಂದರು.

ಮೊನ್ನೆ ಅವರಿಂದ ಸುದ್ದಿ ಬಂತು. ಹಲ್ಲು ಬಿದ್ದಿದೆ. ಆದರೆ ವಂಜಿರು ಅದನ್ನು ಯಾರಿಗೂ ಮುಟ್ಟಗೊಡದೆ, ಕಾಗದದಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದಾಳಂತೆ. ಹಲ್ಲು ತೆಗೆಯುವ ಅಜ್ಜ ಬಂದೇ ಮಾಳಿಗೆಗೆ ಒಗೆಯಬೇಕಂತೆ. ಆ ಮನೆಗೆ ನಮ್ಮಲ್ಲಿಯಂತೆ ಮಟ್ಟಸ ಮಾಳಿಗೆಯಿಲ್ಲ, ಎತ್ತರದ ಇಳಿಜಾರಿನ ತಗಡಿನ ಛಾವಣಿ ಇದೆ, ಹಲ್ಲು ಜಾರಿ ಕೆಳಗೆ ಬರಬಹುದು ಎಂದೂ ಗ್ರೇಸಬಾಯಿ ತಿಳಿಸಿದ್ದಾರೆ.

ಹೀಗಾಗಿ ಬಟ್ಟೆಬರೆ, ಔಷಧಿ, ಚೀಲಗಳ ಚಿಂತೆಯನ್ನು ಶಾರದಾಳಿಗೆ ಬಿಟ್ಟಿದ್ದೇನೆ. ನಾನು ದಿನಾ ಬೆಳಿಗ್ಗೆ ಪಕ್ಕದ ಮನೆಯವರ ತಗಡಿನ ಕೊಟ್ಟಿಗೆಯ ಮುಂದೆ ನಿಂತು ಮೇಲಕ್ಕೆ ಹಲ್ಲಿನಷ್ಟು ಸಣ್ಣ ಹರಳುಕಲ್ಲು ಒಗೆಯುತ್ತೇನೆ. ಭುಜ ನೋಯುತ್ತದೆ, ಎಮ್ಮೆ ಬೆದರುತ್ತದೆ, ಪಕ್ಕದವರು ನಿವೃತ್ತಿಯಾದ ಮಾಸ್ತರನೆಂದು ಸಹಿಸಿಕೊಂಡಿದ್ದಾರೆ. ಈಗ ಹತ್ತರಲ್ಲಿ ಆರು ಹರಳು ಮೇಲೆ ನಿಲ್ಲುತ್ತವೆ. ಹೊರಡುವುದರೊಳಗೆ ಹತ್ತೂ ನಿಲ್ಲಬೇಕು. ಅಲ್ಲಿರುವುದು ಒಂದೇ ಹಲ್ಲು.