ತಂಗಿಯ ಅರ್ಜಿಯಲ್ಲಿ ನಾನು ಹೊಡೆದ ಗೆರೆ

ನನ್ನ ತಂಗಿ ಹಲ್ಲಿನ ಡಾಕ್ಟರಾಗುತ್ತೇನೆಂದು ಹಟ ಹಿಡಿದದ್ದು ಅವ್ವನ ಹಲ್ಲುನೋವಿನ ದೆಸೆಯಿಂದ. ಅರಕಲಗೂಡಿನ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಹುಳುಕು ಹಲ್ಲನ್ನು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತು ಕೈಗೆ ಕೊಟ್ಟಿದ್ದ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಸುಮ್ಮನೆ ಮನೆಗೆ ಬಂದಳು. ಸುಮ್ಮನಿರದವಳು ತಂಗಿ. ಇನ್ನೂ ಎಂಟನೆಯ ಕ್ಲಾಸು, ಮುಂದಿನ ಸಂತೆಗೆ ಹೋಗಿ ಅವನ ಜೊತೆ ಜಗಳವಾಡಿ ಬಂದಳು.

ಹೊಳೆನರಸೀಪುರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಹೆಡ್‌ಮಾಸ್ತರರನ್ನು ವಿಚಾರಿಸಿದಳು. ಹಲ್ಲಿನ ಕಾಲೇಜು ಸೇರಬೇಕಾದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಲೇಬೇಕು ಎಂದರಂತೆ. ಹಾಸನದ ಕಾಲೇಜಿನ ಅರ್ಜಿಯಲ್ಲಿ ಅದನ್ನೇ ಗುಂಡಗೆ ಬರೆದಳು. ಅರ್ಜಿ ಕೊಡುವುದಕ್ಕೆಲ್ಲ ಹುಡುಗಿಯನ್ನು ಹಾಸನಕ್ಕೆ ಕಳಿಸುವುದೇಕೆಂದು ಅಪ್ಪ ಅರ್ಜಿಯನ್ನು ನನ್ನ ಕೈಗೆ ಕೊಟ್ಟರು. ಆ ಕಾಲೇಜು ನನಗೆ ಚೆನ್ನಾಗಿಯೇ ಗೊತ್ತಿತ್ತು. ಅಲ್ಲಿ ಅದೇ ಜೀವಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು. ಕಪ್ಪೆ ಕೊಯ್ಯುವ ದಿನ ತಲೆಸುತ್ತಿ ಬಿದ್ದು ಹೆಸರುವಾಸಿಯೂ ಆಗಿದ್ದೆ.

ಸಾಲಿನಲ್ಲಿ ನನ್ನ ಸರದಿ ಬಂದಾಗ ಗುಮಾಸ್ತ ಅರ್ಜಿ ನೋಡಿ, "ಹುಡ್ಗಿ ಕಪ್ಪೆ ಕುಯ್ತಾಳೇನಪ್ಪಾ?" ಎಂದ. ಹಿಂದಿದ್ದವರು ನಕ್ಕರು. ಅವಳು ಕೊಯ್ಯಲಾರಳೆಂಬ ಅನುಮಾನ ನನಗಿರಲಿಲ್ಲ. ಕೊಯ್ದೇ ಕೊಯ್ಯುತ್ತಾಳೆಂದು ಗೊತ್ತಿದ್ದದ್ದಕ್ಕೇ ಹೊಟ್ಟೆ ಉರಿಯಿತು. ತಾನೂ ತಿನ್ನಲ್ಲ, ಇನ್ನೊಬ್ಬರಿಗೂ ಬಿಡಲ್ಲ ಅನ್ನುವ ಪೈಕಿ ನಾನು. ಅರ್ಜಿ ವಾಪಸು ತೆಗೆದುಕೊಂಡು ಜೀವಶಾಸ್ತ್ರದ ಮೇಲೆ ಗೆರೆ ಹೊಡೆದೆ. ಇತಿಹಾಸ, ಅರ್ಥಶಾಸ್ತ್ರ ಎಂದು ಬರೆದುಕೊಟ್ಟೆ.

ಮನೆಗೆ ಬಂದು, ವಿಜ್ಞಾನದ ಸೀಟೆಲ್ಲ ತುಂಬಿಹೋಗಿತ್ತು ಎಂದೆ. ತಂಗಿ ನಂಬಿದಳು. ಅತ್ತು ಮುಗಿಸಿ, ನಿನ್ನ ತಪ್ಪೇನಿದೆ ಎಂದು ನನಗೇ ಸಮಾಧಾನ ಹೇಳಿದಳು. ಪಿಯುಸಿ ಪಾಸಾದ ವರ್ಷವೇ ಅವಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟೆವು.

ಕೆಲವು ವರ್ಷಗಳ ಮೇಲೆ ಅವಳ ನಾದಿನಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ಓದಬೇಕೆಂದಿದ್ದಳು. ನಾನು ಅವರ ಮನೆಗೆ ಹೋಗಿದ್ದೆ. ತಂಗಿ ಆ ಹುಡುಗಿಯ ಅರ್ಜಿಯನ್ನು ತಂದು ನನ್ನ ಮುಂದಿಟ್ಟು ಅವಳಿಗೆ ಹೇಳಿದಳು.

"ನಮ್ಮಣ್ಣನ ಕೈಲಿ ಕಳ್ಸು ಕಣಮ್ಮಿ. ನನ್ ಸೀಟಿಗೋಸ್ಕರ ಬೆಳಗಿಂದ ಸಂಜೆಗಂಟ ನಿಂತಿದ್ದ. ಪಾಪ, ಸೀಟೇ ಇರ್ನಿಲ್ಲ."

ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಓದಂತೂ ಹೋಯಿತು, ಒಳ್ಳೆಯ ಅಣ್ಣನೊಬ್ಬನಾದರೂ ಅವಳಿಗೆ ಉಳಿಯಲಿ ಎಂದು ನೆಪ ಮಾಡಿಕೊಂಡೆ. ಆ ಹುಡುಗಿ ಬರೆದದ್ದರಲ್ಲಿ ಒಂದಕ್ಷರವನ್ನೂ ಮುಟ್ಟದೆ ಹಾಸನದಲ್ಲಿ ಕೊಟ್ಟೆ. ಸೀಟು ಸಿಕ್ಕಿತು. ಸುದ್ದಿ ಕೇಳಿ ತಂಗಿ ನನಗೆಂದೇ ಒಬ್ಬಟ್ಟು ಮಾಡಿ, ಪಕ್ಕದಲ್ಲಿ ಕೂತು ತುಪ್ಪ ಬಡಿಸಿದಳು. ನಾನು ತಿಂದು ಬಂದೆ.